ಮಾನ್ಯತೆ ಇಲ್ಲ, ಆದರೂ ಬೋರ್ಡು ಇದೆ: ಕಾಬೂಲಿನ ಭಾರತ ರಾಯಭಾರ ಕಚೇರಿಯ ಕಥೆ

2025ರ ಅಕ್ಟೋಬರ್ 10ರಂದು ದೆಹಲಿಯಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಒಂದು ಘೋಷಣೆ ಮಾಡಿದರು. ಕಾಬೂಲಿನಲ್ಲಿ ನೆರವಿನ ಕೆಲಸ ನೋಡಿಕೊಳ್ಳುತ್ತಿದ್ದ ಭಾರತದ 'ತಾಂತ್ರಿಕ ಮಿಷನ್' ಎಂಬ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿಯಾಗಿ ಮೇಲ್ದರ್ಜೆಗೆ ಏರಿಸುತ್ತೇವೆ ಎಂದರು. ಎದುರಿಗೆ ಕೂತಿದ್ದವರು ತಾಲಿಬಾನ್ ಸರ್ಕಾರದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ. ಹನ್ನೊಂದು ದಿನ ಕಳೆದು, ಅಕ್ಟೋಬರ್ 21ಕ್ಕೆ, ಆದೇಶವೂ ಜಾರಿಗೆ ಬಂತು.

ಆದರೆ ಭಾರತ ತಾಲಿಬಾನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿರಲಿಲ್ಲ. ಸುದ್ದಿ ಓದಿದವರಿಗೆ ಇಲ್ಲೇ ಗೊಂದಲ. ಸರ್ಕಾರವನ್ನೇ ಒಪ್ಪಿಲ್ಲ ಅಂತೀರಿ, ಅದರ ರಾಜಧಾನಿಯಲ್ಲಿ ರಾಯಭಾರ ಕಚೇರಿ ತೆರೀತೀರಿ. ಇದು ಹೇಗೆ? ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ಸ್ವಲ್ಪ ಕಾನೂನು ಬೇಕು, ಜಾಸ್ತಿ ಇತಿಹಾಸ ಬೇಕು.

ಮೊದಲು, ಅಫ್ಘಾನಿಸ್ತಾನ ನಮಗೆ ನೆರೆಯ ದೇಶವಾ?

ಭೂಪಟ ಬಿಡಿಸಿ ನೋಡಿದರೆ ನಡುವೆ ಪಾಕಿಸ್ತಾನ ಕಾಣುತ್ತದೆ. ಆದರೆ ಭಾರತ ಸರ್ಕಾರದ ಲೆಕ್ಕದಲ್ಲಿ ನಮಗೂ ಅಫ್ಘಾನಿಸ್ತಾನಕ್ಕೂ 106 ಕಿಲೋಮೀಟರ್ ಗಡಿ ಇದೆ. ಅದು ಪಾಕ್ ಆಕ್ರಮಿತ ಕಾಶ್ಮೀರದ ಉತ್ತರ ತುದಿಯಲ್ಲಿ, ವಾಖಾನ್ ಎಂಬ ಕಿರಿದಾದ ಪಟ್ಟಿಗೆ ತಾಗಿಕೊಂಡಿದೆ. ಕಾಗದದ ಮೇಲೆ ನೆರೆಮನೆ, ಆದರೆ ಹೋಗಲು ದಾರಿಯಿಲ್ಲ. ನಮ್ಮ ಸಾರಿನ ಒಗ್ಗರಣೆಗೆ ಬೀಳುವ ಇಂಗು, ಹಬ್ಬಕ್ಕೆ ತರುವ ಅಂಜೂರ ಅಲ್ಲಿಂದ ಬರಬೇಕಾದರೆ ಪಾಕಿಸ್ತಾನದ ರಸ್ತೆ ಹಿಡಿಯಬೇಕು. ಇಲ್ಲವೇ ಇರಾನಿನ ಬಂದರು, ಅದೂ ಇಲ್ಲದಿದ್ದರೆ ವಿಮಾನ. ದಾರಿ ಇಲ್ಲದ ನೆರೆಮನೆಯ ಜೊತೆ ಸಂಬಂಧ ಉಳಿಸಿಕೊಳ್ಳಲು ಅಲ್ಲಿ ನಮ್ಮದೊಂದು ಕಚೇರಿ ಇರುವುದು ಇನ್ನೂ ಮುಖ್ಯವಾಗುತ್ತದೆ.

ರಾಯಭಾರ ಕಚೇರಿ ಅಂದರೆ ಏನು?

ಇನ್ನೊಂದು ದೇಶದ ರಾಜಧಾನಿಯಲ್ಲಿ ನಮ್ಮ ಸರ್ಕಾರದ ಪರವಾಗಿ ಮಾತಾಡುವ ಕಚೇರಿ. ಬೇರೆ ಊರುಗಳಲ್ಲಿ ವೀಸಾ, ಪಾಸ್‌ಪೋರ್ಟ್, ವ್ಯಾಪಾರದ ಕೆಲಸ ನೋಡಿಕೊಳ್ಳುವ ಅದರ ಶಾಖೆಗಳಿಗೆ ಕಾನ್ಸುಲೇಟ್ ಎನ್ನುತ್ತಾರೆ. ಹಿಂದೆ ಬ್ರಿಟಿಷ್ ಸಾಮ್ರಾಜ್ಯದಲ್ಲಿದ್ದು ಈಗ ಕಾಮನ್‌ವೆಲ್ತ್ ಕೂಟದಲ್ಲಿರುವ ದೇಶಗಳ ನಡುವೆ ಇದೇ ಕಚೇರಿಗೆ ಹೈಕಮಿಷನ್ ಎಂದು ಹೆಸರು. ಹಾಗಾಗಿ ಢಾಕಾ, ಕೊಲಂಬೊ, ಇಸ್ಲಾಮಾಬಾದಿನಲ್ಲಿ ನಮ್ಮದು ಹೈಕಮಿಷನ್. ಕಾಠ್ಮಂಡು, ಕಾಬೂಲಿನಲ್ಲಿ ರಾಯಭಾರ ಕಚೇರಿ. ಕೆಲಸ ಒಂದೇ, ಬೋರ್ಡು ಬೇರೆ.

ಒಂದು ತಪ್ಪು ತಿಳಿವಳಿಕೆ ತುಂಬಾ ಹರಡಿದೆ. 'ರಾಯಭಾರ ಕಚೇರಿಯ ಕಾಂಪೌಂಡು ಅಂದರೆ ಆ ದೇಶದ ನೆಲ' ಅಂತ. ಹಾಗೇನಿಲ್ಲ. ಕಾಬೂಲಿನ ಕಚೇರಿ ನಿಂತಿರುವ ಜಾಗ ಅಫ್ಘಾನಿಸ್ತಾನದ್ದೇ. ಆದರೆ ನಮ್ಮ ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ಅಲ್ಲಿನ ಪೊಲೀಸರು ಗೇಟು ದಾಟುವಂತಿಲ್ಲ. ಬಾಡಿಗೆ ಮನೆಗೆ ಮಾಲೀಕ ಹೇಳದೆ ಕೇಳದೆ ನುಗ್ಗುವಂತಿಲ್ಲ ಅಲ್ವಾ, ಹಾಗೆ. ಇದನ್ನು 1961ರ ವಿಯೆನ್ನಾ ಒಪ್ಪಂದದಲ್ಲಿ ಬರೆದಿಟ್ಟಿದ್ದಾರೆ. ಅದೇ ಒಪ್ಪಂದದ 45ನೇ ವಿಧಿ ಇನ್ನೊಂದು ಮಾತು ಹೇಳುತ್ತದೆ: ಕಚೇರಿ ಮುಚ್ಚಿ ಹೋದರೂ, ಸಂಬಂಧವೇ ಮುರಿದರೂ, ಆ ಕಟ್ಟಡವನ್ನೂ ಕಾಗದಪತ್ರಗಳನ್ನೂ ಆ ದೇಶ ಕಾಪಾಡಬೇಕು. ಈ ವಿಧಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಳುಮೆ ಒಬ್ಬರದು, ಪಹಣಿ ಇನ್ನೊಬ್ಬರದು

ಈಗ 'ಮಾನ್ಯತೆ'ಗೆ ಬರೋಣ. ನಮ್ಮ ಹಳ್ಳಿಗಳಲ್ಲಿ ಇದು ನಿತ್ಯದ ಕಥೆ. ಹೊಲದಲ್ಲಿ ನೇಗಿಲು ಹೂಡಿದವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು. ಬದುವಿನ ನೀರು ಬಿಡಿಸಿಕೊಳ್ಳಬೇಕಾದರೆ ಉಳುವವನ ಹತ್ತಿರವೇ ಮಾತಾಡಬೇಕು. ಹಾಗೆ ಮಾತಾಡಿದ ಮಾತ್ರಕ್ಕೆ ಅವನೇ ಮಾಲೀಕ ಅಂತ ನೀವು ಸಹಿ ಹಾಕಿದಂತಾಗುವುದಿಲ್ಲ.

2021ರ ಆಗಸ್ಟ್ 15ರಿಂದ ಕಾಬೂಲನ್ನು ಆಳುತ್ತಿರುವವರು ತಾಲಿಬಾನ್. ಆದರೆ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅಫ್ಘಾನಿಸ್ತಾನದ ಕುರ್ಚಿ ಅವರ ಕೈಗೆ ಬರಲಿಲ್ಲ, ಹಳೆಯ, ಅಂದರೆ ಅವರಿಗಿಂತ ಮೊದಲಿದ್ದ, ಗಣರಾಜ್ಯದ ಪ್ರತಿನಿಧಿಯೇ ಅಲ್ಲಿ ಉಳಿದರು. 2021ರಲ್ಲಿ ಬಂದ ಈ ತಾಲಿಬಾನ್ ಸರ್ಕಾರವನ್ನು ಅಧಿಕೃತವಾಗಿ ಒಪ್ಪಿಕೊಂಡ ಮೊದಲ ದೇಶ ರಷ್ಯಾ, ಅದೂ 2025ರ ಜುಲೈನಲ್ಲಿ. ಚೀನಾ ಮಾನ್ಯತೆ ಎಂಬ ಪದವನ್ನೇ ಬಳಸದೆ 2023ರಲ್ಲಿ ಕಾಬೂಲಿಗೆ ರಾಯಭಾರಿಯನ್ನು ಕಳಿಸಿತು, ಮುಂದಿನ ವರ್ಷ ತಾಲಿಬಾನಿನ ರಾಯಭಾರಿಯನ್ನು ಬೀಜಿಂಗಿನಲ್ಲಿ ಸ್ವೀಕರಿಸಿತು. ಅಂದರೆ 'ಒಪ್ಪಿಗೆ' ಮತ್ತು 'ತಿರಸ್ಕಾರ'ದ ನಡುವೆ ಹತ್ತಾರು ಮೆಟ್ಟಿಲುಗಳಿವೆ. ಯಾವ ದೇಶ ಯಾವ ಮೆಟ್ಟಿಲ ಮೇಲೆ ನಿಂತಿದೆ ಎಂದು ಅಳೆಯಲು ಒಂದು ಸುಲಭದ ದಾರಿ, ಅದು ಅಲ್ಲಿಗೆ ಯಾರನ್ನು ಕಳಿಸಿದೆ ಎಂದು ನೋಡುವುದು.

ರಾಯಭಾರಿ ಹೊಸ ದೇಶಕ್ಕೆ ಹೋಗುವಾಗ ಒಂದು ಪತ್ರ ಒಯ್ಯುತ್ತಾರೆ. ನಮ್ಮ ರಾಷ್ಟ್ರಪತಿ ಆ ದೇಶದ ಮುಖ್ಯಸ್ಥರಿಗೆ ಬರೆದ ಪತ್ರ. 'ನೀವೇ ಆ ದೇಶದ ಮುಖ್ಯಸ್ಥರು' ಎಂಬ ಒಪ್ಪಿಗೆ ಆ ಪತ್ರದ ವಿಳಾಸದಲ್ಲೇ ಇರುತ್ತದೆ. ಇದನ್ನು ತಪ್ಪಿಸಬೇಕಾದರೆ ರಾಯಭಾರಿಯ ಬದಲು 'ಷಾರ್ಜೆ ದಫೇರ್' ಎಂಬ ಹುದ್ದೆಯವರನ್ನು ಕಳಿಸುತ್ತಾರೆ. ಅವರು ಒಯ್ಯುವ ಪತ್ರ ವಿದೇಶಾಂಗ ಸಚಿವರಿಂದ ವಿದೇಶಾಂಗ ಸಚಿವರಿಗೆ. ಸ್ಕೂಲಿಗೆ ಹೆಡ್‌ಮಾಸ್ಟರ್ ನೇಮಕ ಆಗದಿದ್ದರೆ 'ಇನ್‌ಚಾರ್ಜ್ ಹೆಡ್‌ಮಾಸ್ಟರ್' ಇರ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಸಹಿ ಅವರದೇ, ಕೆಲಸ ಅವರದೇ, ಕುರ್ಚಿ ಮಾತ್ರ ಪೂರ್ತಿ ಅವರದಲ್ಲ.

ಬ್ರಿಟಿಷರ ಕಾಲದ ಕಾಬೂಲು

ಕಾಬೂಲಿನಲ್ಲಿ ಪರದೇಶದ ಕಚೇರಿ ಇಡುವುದು ಯಾವತ್ತೂ ಸಲೀಸಾಗಿರಲಿಲ್ಲ. 1879ರ ಜುಲೈನಲ್ಲಿ ಲೂಯಿ ಕವನ್ಯಾರಿ ಎಂಬ ಬ್ರಿಟಿಷ್ ಪ್ರತಿನಿಧಿ ಅಲ್ಲಿನ ಬಾಲಾ ಹಿಸ್ಸಾರ್ ಕೋಟೆಯಲ್ಲಿ ಬಿಡಾರ ಹೂಡಿದ. ಕಾವಲಿಗೆ ಗೈಡ್ಸ್ ಪಡೆಯ ಸುಮಾರು 75 ಸೈನಿಕರಿದ್ದರು, ಹೆಚ್ಚಿನವರು ಹಿಂದೂಸ್ತಾನದ ಸಿಪಾಯಿಗಳು. ಆರು ವಾರವೂ ತುಂಬಲಿಲ್ಲ. ಸಂಬಳ ಸಿಗದೆ ಸಿಟ್ಟಿಗೆದ್ದ ಅಫ್ಘನ್ ಸೈನಿಕರು ಸೆಪ್ಟೆಂಬರ್ 3ರಂದು ಮುತ್ತಿಗೆ ಹಾಕಿದರು. ಬ್ರಿಟಿಷ್ ಅಧಿಕಾರಿಗಳೆಲ್ಲ ಸತ್ತ ಮೇಲೂ ಜಮೇದಾರ್ ಜೀವಂದ್ ಸಿಂಗ್ ಮುಂದಾಳ್ತನದಲ್ಲಿ ಉಳಿದ ಸಿಪಾಯಿಗಳು ಕೊನೆಯವರೆಗೆ ಹೋರಾಡಿ ಸತ್ತರು.

ಅದಾದ ಮೇಲೆ ಬಂದ ಅಮೀರ್ ಅಬ್ದುರ್ ರಹಮಾನ್ ಒಂದು ಷರತ್ತು ಹಾಕಿದ. ಕಾಬೂಲಿನಲ್ಲಿ ಬ್ರಿಟಿಷ್ ಬಿಳಿಯ ಅಧಿಕಾರಿ ಬೇಡ, ಬೇಕಾದರೆ ಹಿಂದೂಸ್ತಾನದ ಮುಸ್ಲಿಮನೊಬ್ಬನನ್ನು 'ವಕೀಲ'ನಾಗಿ, ಅಂದರೆ ಪ್ರತಿನಿಧಿಯಾಗಿ, ಕಳಿಸಿ ಎಂದ. ನಲವತ್ತು ವರ್ಷ ಹಾಗೇ ನಡೆಯಿತು. ಕೆಲಸ ಬ್ರಿಟಿಷರದು, ಕೂತವನು ಮಾತ್ರ ನಮ್ಮವನು. 1919ರ ಯುದ್ಧದ ನಂತರ ಅಫ್ಘಾನಿಸ್ತಾನ ತನ್ನ ವಿದೇಶ ವ್ಯವಹಾರವನ್ನು ತಾನೇ ನೋಡಿಕೊಳ್ಳುವ ಹಕ್ಕು ಪಡೆಯಿತು. 1922ರಲ್ಲಿ ಬ್ರಿಟಿಷರ ಪೂರ್ಣ ಪ್ರಮಾಣದ ಲೆಗೇಷನ್ ಶುರುವಾಯಿತು. ಲೆಗೇಷನ್ ಅಂದರೆ ರಾಯಭಾರ ಕಚೇರಿಗಿಂತ ಒಂದು ಮೆಟ್ಟಿಲು ಕೆಳಗಿನದು.

ಇದೇ ಊರಿಗೆ 1941ರ ಜನವರಿಯಲ್ಲಿ ಸುಭಾಷ್ ಚಂದ್ರ ಬೋಸ್ ಪಠಾಣನ ವೇಷದಲ್ಲಿ ಬಂದರು. ಭಾಷೆ ಬಾರದೆಂಬುದು ಗೊತ್ತಾಗಬಾರದು ಎಂದು ದಾರಿಯಲ್ಲಿ ಕಿವುಡ-ಮೂಗನಂತೆ ನಟಿಸಿದ್ದರು. ಸ್ವತಂತ್ರ ಭಾರತದ ಕಚೇರಿ ಎಂಬುದೇ ಇಲ್ಲದ ಕಾಲ. ಬೇರೆ ದೇಶಗಳ ಕಚೇರಿಗಳ ಬಾಗಿಲು ತಟ್ಟಿ ತಟ್ಟಿ, ಕೊನೆಗೆ 'ಒರ್ಲಾಂಡೊ ಮಾಜೊಟ್ಟಾ' ಎಂಬ ಇಟಲಿಯವನ ಹೆಸರಿನ ಪಾಸ್‌ಪೋರ್ಟ್ ಸಿಕ್ಕಿ, ಮಾರ್ಚಿನಲ್ಲಿ ಮಾಸ್ಕೋ ಕಡೆಗೆ ಹೊರಟರು. ಪರದೇಶದಲ್ಲಿ ತನ್ನದೊಂದು ಕಚೇರಿ ಇಲ್ಲದವನ ಪಾಡು ಇದು.

ಅಣ್ಣತಮ್ಮಂದಿರ ಪಾಲು

1947ರಲ್ಲಿ ದೇಶ ಪಾಲಾದಾಗ ಹೊಲಮನೆ ಪಾಲಾದ ಹಾಗೆ ಮೇಜು, ಕುರ್ಚಿ, ರೈಲ್ವೆ ಬೋಗಿಗಳೂ ಪಾಲಾದವು. ಕಾಬೂಲಿನ ಬ್ರಿಟಿಷ್ ಕಟ್ಟಡದ ಮಾತೂ ಆ ಲೆಕ್ಕದಲ್ಲಿ ಬಂತು. ಕೊನೆಗೆ ಅದು ಪಾಕಿಸ್ತಾನದ ಪಾಲಿಗೆ ಎಂದು ತೀರ್ಮಾನವಾಯಿತು. ಬ್ರಿಟಿಷರು ಬಿಟ್ಟುಕೊಟ್ಟಿದ್ದು ಮಾತ್ರ 1994ರಲ್ಲಿ! ಭಾರತ ತನ್ನ ಕಚೇರಿಯನ್ನು ಬೇರೆಯೇ ಮಾಡಿಕೊಂಡಿತು. 1950ರ ಜನವರಿ 4ರಂದು ಎರಡೂ ದೇಶಗಳು ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತ ಗಣರಾಜ್ಯವಾಗಲು ಇನ್ನೂ 22 ದಿನ ಬಾಕಿಯಿತ್ತು.

ಮುಂದಿನ ದಶಕಗಳಲ್ಲಿ ಕಾಬೂಲು ದೊರೆಯನ್ನು ಕಂಡಿತು, ದೊರೆಯನ್ನು ಇಳಿಸಿದ ಗಣರಾಜ್ಯ ಕಂಡಿತು, ಕಮ್ಯುನಿಸ್ಟರನ್ನು ಕಂಡಿತು, 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯವನ್ನೂ ಕಂಡಿತು. ಸರ್ಕಾರ ಬದಲಾದಾಗೆಲ್ಲ ಭಾರತ ಹೊಸಬರ ಜೊತೆ ವ್ಯವಹಾರ ಮುಂದುವರಿಸಿತು. ಸೋವಿಯತ್ ಬೆಂಬಲದ ಸರ್ಕಾರಗಳ ಜೊತೆ ಜಾಸ್ತಿ ಹತ್ತಿರವಾಗಿತ್ತು ಎಂಬ ದೂರೂ ಭಾರತದ ಮೇಲಿದೆ. 1992ರಲ್ಲಿ ಅಧ್ಯಕ್ಷ ನಜೀಬುಲ್ಲಾ ಅವರ ಸರ್ಕಾರ ಬಿದ್ದಾಗ ಅವರು ಭಾರತಕ್ಕೆ ಬರಲು ಹೊರಟಿದ್ದರು. ವಿಮಾನ ನಿಲ್ದಾಣದ ದಾರಿಯಲ್ಲೇ ತಡೆದರು. ವಿಶ್ವಸಂಸ್ಥೆಯ ಕಾಂಪೌಂಡಿನಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಇದ್ದರು. 1996ರ ಸೆಪ್ಟೆಂಬರ್ 27ರಂದು ಊರಿಗೆ ನುಗ್ಗಿದ ತಾಲಿಬಾನ್ ಅವರನ್ನು ಹೊರಗೆಳೆದು ಕೊಂದಿತು.

ಭಾರತದ ಕಚೇರಿಯ ಬಾಗಿಲೂ ಆಗಲೇ ಮುಚ್ಚಿತು.

ಬಾಗಿಲು ಮುಚ್ಚಿದ ಐದು ವರ್ಷ, ಮತ್ತು ಒಂದು ವಿಮಾನ

ಆಗ ತಾಲಿಬಾನಿಗೆ ಮಾನ್ಯತೆ ಕೊಟ್ಟ ದೇಶಗಳು ಮೂರೇ: ಪಾಕಿಸ್ತಾನ, ಸೌದಿ ಅರೇಬಿಯಾ, ಯುಎಇ. ಭಾರತ ತಾಲಿಬಾನಿನ ವಿರೋಧಿಗಳ ಪರ ನಿಂತಿತ್ತು. ಮಾತುಕತೆಯೇ ಇಲ್ಲ. ಕಚೇರಿ ಇಲ್ಲದಿದ್ದರೆ ಏನು ನಷ್ಟ ಎಂದು ಯಾರಾದರೂ ಕೇಳಿದರೆ 1999ರ ಡಿಸೆಂಬರ್ 24ರ ಸಂಜೆಯನ್ನು ನೆನಪಿಸಬೇಕು.

ಕಾಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನದ ಅಪಹರಣವಾಯಿತು. ಅಮೃತಸರ, ಲಾಹೋರ್, ದುಬೈ ಹತ್ತಿರದ ಒಂದು ನೆಲೆ, ಕೊನೆಗೆ ಕಂದಹಾರ್. ವಿಮಾನ ಇಳಿದ ನೆಲ ತಾಲಿಬಾನಿನದು. ಫೋನ್ ಮಾಡಿ 'ಅಲ್ಲಿ ಏನಾಗ್ತಿದೆ ನೋಡಿ' ಎನ್ನಲು ಇಡೀ ದೇಶದಲ್ಲಿ ನಮ್ಮ ಒಬ್ಬ ಅಧಿಕಾರಿಯೂ ಇರಲಿಲ್ಲ. ಇಸ್ಲಾಮಾಬಾದಿನ ಹೈಕಮಿಷನ್ನಿನಿಂದ ಒಬ್ಬ ಅಧಿಕಾರಿ ಹೋಗಬೇಕಾಯಿತು, ದೆಹಲಿಯಿಂದ ಮಾತುಕತೆಯ ತಂಡ ತಲುಪುವಷ್ಟರಲ್ಲಿ ಡಿಸೆಂಬರ್ 27. ತಾಲಿಬಾನ್ ಯಾರ ಪರ ಇದೆ, ಅವರಲ್ಲಿ ಯಾರ ಮಾತು ನಡೆಯುತ್ತದೆ, ಒಂದೂ ಗೊತ್ತಿಲ್ಲ. ಡಿಸೆಂಬರ್ 31ರಂದು ಮೂವರು ಉಗ್ರರನ್ನು ಬಿಟ್ಟು ಪ್ರಯಾಣಿಕರನ್ನು ಕರೆತರಲಾಯಿತು. ಕಚೇರಿ ಇದ್ದಿದ್ದರೆ ಎಲ್ಲ ಬೇರೆಯಾಗುತ್ತಿತ್ತು ಅಂತಲ್ಲ. ಆದರೆ ಕತ್ತಲಲ್ಲಿ ತಡಕಾಡುವ ಸ್ಥಿತಿ ಅಷ್ಟು ಇರುತ್ತಿರಲಿಲ್ಲ. ಇವತ್ತು ಭಾರತ ತಾಲಿಬಾನಿನ ಜೊತೆ ಮಾತಾಡುವ ದಾರಿ ಇಟ್ಟುಕೊಂಡಿರುವುದನ್ನು ಓದುವಾಗ ಆ ಏಳು ದಿನಗಳನ್ನು ಮರೆತು ಓದುವುದು ಕಷ್ಟ.

2001ರ ನವೆಂಬರಿನಲ್ಲಿ ತಾಲಿಬಾನ್ ಕಾಬೂಲು ಬಿಟ್ಟು ಓಡಿತು. ಕೆಲವೇ ದಿನಗಳಲ್ಲಿ ಭಾರತ ಒಂದು ಸಂಪರ್ಕ ಕಚೇರಿ ತೆರೆಯಿತು. ಡಿಸೆಂಬರ್ 22ರಂದು, ಹೊಸ ಸರ್ಕಾರದ ಮುಖ್ಯಸ್ಥರಾಗಿ ಹಮೀದ್ ಕರ್ಜಾಯಿ ಪ್ರಮಾಣವಚನ ತೆಗೆದುಕೊಂಡ ದಿನವೇ, ರಾಯಭಾರ ಕಚೇರಿ ಮತ್ತೆ ಶುರುವಾಯಿತು. ಕಂದಹಾರ್, ಜಲಾಲಾಬಾದ್, ಹೆರಾತ್, ಮಜಾರ್-ಎ-ಷರೀಫ್‌ಗಳಲ್ಲಿ ಕಾನ್ಸುಲೇಟ್‌ಗಳೂ ಬಂದವು. ಜರಂಜ್‌ನಿಂದ ದೆಲಾರಾಮಿಗೆ 218 ಕಿಲೋಮೀಟರ್ ರಸ್ತೆ, ಹೆರಾತ್ ಬಳಿ 42 ಮೆಗಾವಾಟಿನ ಸಲ್ಮಾ ಅಣೆಕಟ್ಟು, ಕಾಬೂಲಿಗೆ ಹೊಸ ಸಂಸತ್ ಭವನ. ಎರಡು ದಶಕದಲ್ಲಿ ಭಾರತ ಖರ್ಚು ಮಾಡಿದ್ದು ಸುಮಾರು 300 ಕೋಟಿ ಡಾಲರ್. ವಿದ್ಯಾರ್ಥಿವೇತನದಲ್ಲಿ ಬಂದ ಅಫ್ಘನ್ ಹುಡುಗರನ್ನು ಮೈಸೂರು, ಬೆಂಗಳೂರು, ಧಾರವಾಡದವರು ತಮ್ಮ ಊರಲ್ಲೇ ನೋಡಿದ್ದಾರೆ.

2008ರ ಜುಲೈ 7, ಬೆಳಗ್ಗೆ ಎಂಟೂವರೆ

ಕಾಬೂಲಿನ ಕಚೇರಿ ಇರುವುದು ಊರಿನ ನಡುಮಧ್ಯೆ, ಆಗ ಗೃಹ ಇಲಾಖೆ ಇದ್ದ ಜಾಗದ ಹತ್ತಿರ. ಆಗೆಲ್ಲ ಬೆಳಗಾದರೆ ಗೇಟಿನ ಹೊರಗೆ ವೀಸಾಕ್ಕೆ ಸಾಲು. ದೆಹಲಿಯ ಆಸ್ಪತ್ರೆಗೆ ಹೋಗಬೇಕಾದವರು, ಓದಲು ಬರುವವರು, ವ್ಯಾಪಾರಿಗಳು.

ಆ ಸೋಮವಾರವೂ ಸಾಲು ಇತ್ತು. ಇಬ್ಬರು ಹಿರಿಯ ಅಧಿಕಾರಿಗಳಿದ್ದ ಕಾರು ಗೇಟಿನ ಒಳಗೆ ತಿರುಗುತ್ತಿದ್ದಾಗ ಸ್ಫೋಟಕ ತುಂಬಿದ್ದ ಕಾರೊಂದು ಬಂದು ಗುದ್ದಿತು. ಸತ್ತವರು 58 ಜನ, ಗಾಯಗೊಂಡವರು 140ಕ್ಕೂ ಹೆಚ್ಚು. ಬ್ರಿಗೇಡಿಯರ್ ರವಿ ದತ್ ಮೆಹ್ತಾ, ವಿದೇಶಾಂಗ ಸೇವೆಯ ವಿ. ವೆಂಕಟೇಶ್ವರ ರಾವ್, ಕಾವಲಿಗಿದ್ದ ಐಟಿಬಿಪಿಯ (ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆ) ಅಜಯ್ ಪಠಾನಿಯಾ ಮತ್ತು ರೂಪ್ ಸಿಂಗ್ ಸತ್ತರು. ಉಳಿದವರಲ್ಲಿ ಬಹುಪಾಲು ಅಫ್ಘನ್ನರು. ನಮ್ಮ ದೇಶದ ವೀಸಾಕ್ಕೆ ಅರ್ಜಿ ಹಿಡಿದು ನಿಂತವರು, ಆ ಬೀದಿಯಲ್ಲಿ ಹೋಗುತ್ತಿದ್ದವರು. ಮರಳು ತುಂಬಿದ ತಡೆಗೋಡೆಗಳನ್ನು ಮೊದಲೇ ಇಟ್ಟಿದ್ದರಿಂದ ಒಳಗಿನ ಕಟ್ಟಡ ಉಳಿಯಿತು.

ಮರುವರ್ಷ ಅಕ್ಟೋಬರ್ 8ರಂದು ಮತ್ತೆ ದಾಳಿ, 17 ಸಾವು. 2014ರಲ್ಲಿ ಹೆರಾತ್, 2016ರಲ್ಲಿ ಮಜಾರ್-ಎ-ಷರೀಫ್ ಕಾನ್ಸುಲೇಟ್‌ಗಳ ಮೇಲೆ ದಾಳಿ. ಪ್ರತಿ ಸಲವೂ ಗೋಡೆ ಎತ್ತರವಾಯಿತು, ಕಚೇರಿ ಮಾತ್ರ ಮುಚ್ಚಲಿಲ್ಲ.

ಮಾಯಾ, ರೂಬಿ, ಬಾಬಿ

2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲಿಗೆ ಬಂತು. ಕಚೇರಿಯಲ್ಲಿದ್ದ ನಮ್ಮವರನ್ನು ಕೆಲವೇ ಕಿಲೋಮೀಟರ್ ದೂರದ ವಿಮಾನ ನಿಲ್ದಾಣಕ್ಕೆ ಸಾಗಿಸುವುದೇ ದೊಡ್ಡ ಸಾಹಸವಾಯಿತು. ಒಂದು ರಾತ್ರಿ ಸುಮಾರು ಎರಡು ಡಜನ್ ಗಾಡಿಗಳು ಗೇಟಿನಿಂದ ಹೊರಟವು. ಹೊರಗೆ ಬಂದೂಕು ಹಿಡಿದು ನಿಂತಿದ್ದ ತಾಲಿಬಾನಿಗಳೇ ಮುಂದೆ ಹೋಗಿ ಜನರನ್ನು ಸರಿಸಿ ದಾರಿ ಬಿಡಿಸಿದರು. ಆಗಸ್ಟ್ 17ರಂದು ರಾಯಭಾರಿ ರುದ್ರೇಂದ್ರ ಟಂಡನ್ ಮತ್ತು ಸಿಬ್ಬಂದಿ ವಾಯುಪಡೆಯ ಸಿ-17 ವಿಮಾನದಲ್ಲಿ ವಾಪಸಾದರು. ಬಾಂಬು ಮೂಸಿ ಪತ್ತೆ ಮಾಡುವ ಐಟಿಬಿಪಿಯ ಮೂರು ನಾಯಿಗಳನ್ನೂ ಬಿಟ್ಟು ಬರಲಿಲ್ಲ. ಅವುಗಳ ಹೆಸರು ಮಾಯಾ, ರೂಬಿ, ಬಾಬಿ.

ಅಲ್ಲಿನ ವಿದೇಶಿ ಸೇನಾ ನೆಲೆಗಳಲ್ಲಿ ಕೆಲಸಕ್ಕಿದ್ದ ಮಂಗಳೂರು ಕಡೆಯ ಹಲವರು ಆ ದಿನಗಳಲ್ಲೇ ಬೇರೆ ಬೇರೆ ವಿಮಾನ ಹಿಡಿದು ಊರು ಸೇರಿದರು. ತದ್ವಿರುದ್ಧ ದಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡವರೂ ಇದ್ದರು. ಆಗಸ್ಟ್ 25ರಂದು ಭಾರತ, ತನ್ನ ನೆಲದಲ್ಲಿ ಇಲ್ಲದ ಅಫ್ಘನ್ನರಿಗೆ ಹಿಂದೆ ಕೊಟ್ಟಿದ್ದ ವೀಸಾಗಳನ್ನೆಲ್ಲ ರದ್ದು ಮಾಡಿತು. ಪಾಸ್‌ಪೋರ್ಟ್‌ಗಳು ಕಳುವಾಗಿವೆ, ಯಾರ ಕೈ ಸೇರಿವೆಯೋ ಗೊತ್ತಿಲ್ಲ ಎಂಬುದು ಕಾರಣ. ರಜೆಗೆ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಉಳಿದರು. ಹೋಗಿ ಕೇಳೋಣ ಅಂದರೆ ಕಚೇರಿಯಲ್ಲಿ ಭಾರತೀಯ ಅಧಿಕಾರಿಗಳು ಇಲ್ಲ.

45ನೇ ವಿಧಿ ನೆನಪಿದೆಯಾ? ಕಂದಹಾರ್, ಹೆರಾತಿನ ಮುಚ್ಚಿದ ಕಾನ್ಸುಲೇಟ್‌ಗಳಿಗೆ ತಾಲಿಬಾನಿಗಳು ನುಗ್ಗಿ ಕಾಗದಪತ್ರ ಹುಡುಕಿದರು, ನಿಂತಿದ್ದ ವಾಹನಗಳನ್ನು ಒಯ್ದರು ಎಂದು ಆ ದಿನಗಳಲ್ಲಿ ಸುದ್ದಿಯಾಯಿತು. ಕಾಬೂಲಿನ ಕಚೇರಿಯನ್ನು ಮಾತ್ರ ಅಲ್ಲಿನ ಅಫ್ಘನ್ ನೌಕರರೇ ನೋಡಿಕೊಂಡರು. ಹತ್ತು ತಿಂಗಳು.

ಅರ್ಧ ಎತ್ತಿದ ಶಟರ್

2022ರ ಜೂನ್ 22ರಂದು ಪಕ್ತಿಕಾ ಕಡೆ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರುದಿನವೇ ಭಾರತದ ಪರಿಹಾರ ಸಾಮಗ್ರಿ ಕಾಬೂಲಿಗೆ ಬಂತು, ಜೊತೆಗೆ ಒಂದು 'ತಾಂತ್ರಿಕ ತಂಡ'ವೂ ಬಂತು. ಹೆಸರು ಕೇಳಿ ಎಂಜಿನಿಯರುಗಳು ಅಂದುಕೊಳ್ಳಬೇಡಿ. ಗೋಧಿ, ಔಷಧ ಸರಿಯಾಗಿ ಹಂಚಿಕೆಯಾಗುವುದನ್ನು ನೋಡಿಕೊಳ್ಳಲು ಬಂದವರು. ರಾಯಭಾರಿ ಇಲ್ಲ, 'ರಾಯಭಾರ ಕಚೇರಿ' ಎಂಬ ಹೆಸರೂ ಇಲ್ಲ. ಬಂದ್ ದಿನ ಅಂಗಡಿಯವರು ಶಟರ್ ಅರ್ಧ ಎತ್ತಿ ವ್ಯಾಪಾರ ಮಾಡ್ತಾರಲ್ಲ, ಅದೇ ಉಪಾಯ. ಕೇಳಿದರೆ ಮುಚ್ಚಿದೆ, ಬಗ್ಗಿ ನೋಡಿದರೆ ಒಳಗೆ ಜನ.

ಮೂರು ವರ್ಷ ಹೀಗೇ ಸಾಗಿತು. 2025ರ ಜನವರಿಯಲ್ಲಿ ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ದುಬೈನಲ್ಲಿ ಮುತ್ತಕಿಯನ್ನು ಭೇಟಿಯಾದರು. ಮೇ ತಿಂಗಳಲ್ಲಿ ಜೈಶಂಕರ್ ಫೋನಿನಲ್ಲಿ ಮಾತಾಡಿದರು. ಅಕ್ಟೋಬರಿನಲ್ಲಿ ಮುತ್ತಕಿ ಖುದ್ದಾಗಿ ಬಂದರು. ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯಲ್ಲಿ ಅವರ ಹೆಸರಿರುವುದರಿಂದ ಆ ಪ್ರಯಾಣಕ್ಕೆ ಭದ್ರತಾ ಮಂಡಳಿಯ ವಿನಾಯಿತಿಯೇ ಬೇಕಾಯಿತು.

ಹಾಗಾದರೆ ಬದಲಾಗಿದ್ದು ಏನು?

ಬದಲಾಗಿದ್ದು ದರ್ಜೆ. 'ತಾಂತ್ರಿಕ ಮಿಷನ್' ಎಂಬ ಹೆಸರು ಹೋಗಿ 'ಭಾರತದ ರಾಯಭಾರ ಕಚೇರಿ' ಎಂಬ ಹಳೆಯ ಹೆಸರು ಬಂತು. ನೆರವು ಹಂಚಿಕೆಯ ಆಚೆಗೂ ಎಲ್ಲ ಕೆಲಸ ಮಾಡುವ ಹಾದಿ ತೆರೆಯಿತು. ಬದಲಾಗದೆ ಉಳಿದಿದ್ದು ಪಹಣಿ. ಮಾನ್ಯತೆಯ ಘೋಷಣೆ ಬರಲಿಲ್ಲ, ಮುಖ್ಯಸ್ಥರಾಗಿ ಷಾರ್ಜೆ ದಫೇರ್ ದರ್ಜೆಯವರೇ ಇರುವ ಏರ್ಪಾಡಾಯಿತು. ರಾಷ್ಟ್ರಪತಿಯ ಪತ್ರವನ್ನು ತಾಲಿಬಾನಿನ ನಾಯಕನ ಕೈಗೆ ಕೊಡುವ ಪ್ರಸಂಗವೇ ಬರದ ಹಾಗೆ. ಹೆಣ್ಣುಮಕ್ಕಳ ಓದನ್ನು ನಿಲ್ಲಿಸಿರುವ ಸರ್ಕಾರದ ಜೊತೆ ಇಷ್ಟು ಹತ್ತಿರವಾಗಬೇಕಾ ಎಂದು ಕೇಳುವವರಿದ್ದಾರೆ. ದೂರ ನಿಂತರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ ಎನ್ನುವವರೂ ಇದ್ದಾರೆ.

ಇದೇ ಇಕ್ಕಟ್ಟು ದೆಹಲಿಯಲ್ಲೂ ಇತ್ತು. ಶಾಂತಿಪಥದಲ್ಲಿರುವ ಅಫ್ಘನ್ ರಾಯಭಾರ ಕಚೇರಿಯನ್ನು ನಡೆಸುತ್ತಿದ್ದವರು ಹಳೆಯ ಗಣರಾಜ್ಯ ನೇಮಿಸಿದವರು. 2023ರಲ್ಲಿ ಅವರು ಕೆಲಸ ನಿಲ್ಲಿಸಿದರು. ಮುತ್ತಕಿ ಬಂದಾಗ ಪತ್ರಿಕಾಗೋಷ್ಠಿ ಕರೆದಿದ್ದು ಅದೇ ಕಟ್ಟಡದಲ್ಲಿ. ಮೊದಲ ಗೋಷ್ಠಿಗೆ ಪತ್ರಕರ್ತೆಯರನ್ನು ಬಿಡದೆ ದೊಡ್ಡ ಗಲಾಟೆಯಾಗಿ, ಎರಡು ದಿನ ಬಿಟ್ಟು ಇನ್ನೊಂದನ್ನು ಕರೆದರು. ಹೊರಗಿನ ಕಂಬದ ಮೇಲೆ ಹಳೆಯ ಸರ್ಕಾರದ ಕಪ್ಪು, ಕೆಂಪು, ಹಸಿರು ಬಾವುಟ ಹಾರುತ್ತಿತ್ತು. ಒಳಗೆ ಮೇಜಿನ ಮೇಲೆ ತಾಲಿಬಾನಿಗಳು ತಮ್ಮ ಪುಟ್ಟ ಬಿಳಿ ಬಾವುಟ ಇಟ್ಟುಕೊಂಡಿದ್ದರು. ಅವರ ಹಿಂದಿನ ಗೋಡೆಯಲ್ಲಿ ಬಾಮಿಯಾನ್ ಬುದ್ಧನ ಚಿತ್ರ, 2001ರಲ್ಲಿ ಅವರೇ ಸಿಡಿಸಿ ಉರುಳಿಸಿದ ಬುದ್ಧ. ಅದನ್ನು ಯಾರೂ ಇಳಿಸಿರಲಿಲ್ಲ.